ಆಲೂಗೆಡ್ಡೆಯ ತಳಿಗಳೂ ಅವುಗಳ ಗೊಬ್ಬರ ನೀರುಗಳೂ

ಪೇಟೆಯಲ್ಲಿ ಆಲೂಗೆಡ್ಡೆಯನ್ನು ಕೊಳ್ಳುವಾಗ ನಾವು ಅದರ ಗಾತ್ರವನ್ನೂ ಬೆಲೆಯನ್ನೂ ನೋಡುತ್ತೇವೆಯೇ ಹೊರತು ತಳಿಯನ್ನು ವಿಚಾರಿಸುವುದಿಲ್ಲ. ಬೆಳೆಯುವವನಿಗಾದರೋ ಅದು ಲಾಭನಷ್ಟಗಳ ಪ್ರಶ್ನೆ. ಹಾಸನದ ರೈತನು ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆಗೆಡ್ಡೆಯನ್ನು ಹಣ ತೆತ್ತು ಕೊಂಡು ಮುಂಗಾರಿನಲ್ಲಿ ನೆಡುತ್ತಾನೆ. ಆಮೇಲೆ ಅಳತೆಯರಿಯದೆ ಗೊಬ್ಬರ ಹಾಕಿದರೆ, ಆ ಬಂಡವಾಳವೆಲ್ಲ ಬರಿಯ ಸೊಪ್ಪಾಗಿ ಹೋಗುವುದುಂಟು.

ಅದು ಹೇಗೆಂಬುದನ್ನು ನೋಡೋಣ. ಸಾರಜನಕವು ಎಲೆಯನ್ನು ಬೆಳೆಸುತ್ತದೆ; ರಂಜಕವು ಬೇರನ್ನು ಬಲಪಡಿಸುತ್ತದೆ; ಎಲೆಯಲ್ಲಿ ಸಿದ್ಧವಾದ ಸಕ್ಕರೆಯು ಗೆಡ್ಡೆಗೆ ಇಳಿದು ಪಿಷ್ಟವಾಗಲು ಪೊಟ್ಯಾಷ್ ನೆರವಾಗುತ್ತದೆ. ಸಾರಜನಕವು ಮಿತಿಮೀರಿದರೆ ಗಿಡವು ಸೊಪ್ಪಿನಲ್ಲಿಯೇ ಮೈಮರೆತು, ಗೆಡ್ಡೆ ಕಟ್ಟುವುದು ತಡವಾಗುತ್ತದೆ.

ಈ ತಡವನ್ನು ಎಲ್ಲ ತಳಿಗಳೂ ಒಂದೇ ರೀತಿ ತಾಳಲಾರವು. ಶಿಮ್ಲಾದ ಬಳಿಯ ಕುಫ್ರಿಯ ಹೆಸರನ್ನು ಹೊತ್ತ ಮೂರು ತಳಿಗಳನ್ನು ಉದಾಹರಿಸೋಣ. ಕುಫ್ರಿ ಚಂದ್ರಮುಖಿಯು ಸುಮಾರು 80–90 ದಿನಗಳಲ್ಲಿ ಬಲಿಯುವ ಅಲ್ಪಾವಧಿಯ ತಳಿ. ಅದಕ್ಕೆ ಆಹಾರವು ಆರಂಭದಲ್ಲಿಯೇ ದೊರೆಯಬೇಕು; ತಡವಾಗಿ ಹಾಕಿದ ಸಾರಜನಕ ಅದಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. 1968ರಲ್ಲಿ ಬಿಡುಗಡೆಯಾಗಿ ಹಾಸನದಲ್ಲಿ ಬಹುಕಾಲದಿಂದ ಪರಿಚಿತವಾದ ಕುಫ್ರಿ ಜ್ಯೋತಿಯದು ಮಧ್ಯಮಾವಧಿ. ಇದಕ್ಕೆ ಸಾರಜನಕವನ್ನು ಎರಡು ಪಾಲು ಮಾಡಿ, ನೆಡುವಾಗ ಒಂದನ್ನೂ ಬುಡಕ್ಕೆ ಮಣ್ಣೇರಿಸುವಾಗ ಇನ್ನೊಂದನ್ನೂ ಕೊಡುವುದು ಹಿತ. 110–120 ದಿನ ತೆಗೆದುಕೊಳ್ಳುವ ಕುಫ್ರಿ ಸಿಂಧೂರಿಯು ಕಡಮೆ ಗೊಬ್ಬರವನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ನೀರಿನ ವಿಚಾರವೂ ಹೀಗೆಯೇ. ಆಲೂಗೆಡ್ಡೆಯ ಬೇರು ಆಳಕ್ಕಿಳಿಯುವುದಿಲ್ಲ. ಬಹುಭಾಗ ಮೇಲಿನ ಎರಡಡಿ ಮಣ್ಣಿನಲ್ಲಿಯೇ ಇರುತ್ತದೆ. ಆದುದರಿಂದ ಒಮ್ಮೆಗೇ ಹೊಲ ತುಂಬ ಹರಿಸುವುದಕ್ಕಿಂತ, ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಡುವುದು ಲೇಸು. ನಾಲ್ಕೈದು ತಿಂಗಳ ಬೆಳೆಗೆ ಒಟ್ಟು 500ರಿಂದ 700 ಮಿಲಿಮೀಟರ್ ನೀರು ಬೇಕಾದೀತು. ಅಲ್ಪಾವಧಿಯ ತಳಿಗೆ ಅಷ್ಟು ಬೇಡ. ಆದರೆ ಗೆಡ್ಡೆ ಕಟ್ಟುವ ಸಮಯದಲ್ಲಿ ನೀರು ತಪ್ಪಿದರೆ ಈ ತಳಿಗೆ ಚೇತರಿಸಿಕೊಳ್ಳುವಷ್ಟು ದಿನಗಳೇ ಉಳಿದಿರುವುದಿಲ್ಲ. ಒಣಗಿದ ಬಳಿಕ ಒಮ್ಮೆಲೇ ನೀರು ಸಿಕ್ಕಿದರೆ ಗೆಡ್ಡೆ ಬಿರಿಯುವುದೂ, ಗುಬಟುಗುಬಟಾಗಿ ಬೆಳೆಯುವುದೂ ಉಂಟು. ಅಗೆಯುವುದಕ್ಕೆ ಸುಮಾರು ಹತ್ತು ದಿನ ಮುಂಚೆ ನೀರನ್ನು ನಿಲ್ಲಿಸಿದರೆ ಸಿಪ್ಪೆ ಗಟ್ಟಿಯಾಗುತ್ತದೆ.

ಕೋಲಾರದ ಕಡೆಯ ಹಿಂಗಾರು ಬೆಳೆಗಾರನು ಬಾವಿಯ ನೀರನ್ನು ಅಳೆದು ಕೊಡಬಲ್ಲನು. ಹಾಸನದವನಿಗೆ ಮಳೆಯ ಮೇಲೆ ಅಧಿಕಾರವಿಲ್ಲ; ಎಡೆಬಿಡದ ಮಳೆಯೊಡನೆ ಅಂಗಮಾರಿ ರೋಗದ ಭಯವೂ ಬರುತ್ತದೆ. ಎತ್ತರದ ಬದುಗಳನ್ನು ಮಾಡಿ, ನಿಂತ ನೀರು ಹರಿದುಹೋಗುವಂತೆ ಕಾಲುವೆ ತೆಗೆಯುವುದು ಅವನ ಕೈಯಲ್ಲಿದೆ. ಗೊಬ್ಬರದ ಅಳತೆಯೂ ಅವನ ಕೈಯಲ್ಲಿದೆ. ತಳಿಯನ್ನು ತಿಳಿಯದೆ ಗೊಬ್ಬರವನ್ನು ತೂಗುವುದೆಂದರೆ, ರೋಗಿಯ ವಯಸ್ಸನ್ನು ಕೇಳದೆ ಔಷಧವನ್ನು ಅಳೆದುಕೊಟ್ಟಂತೆ.