ಹೊತ್ತು ತಪ್ಪಿದ ಕಿಡಿ

ಘಟ್ಟದ ಏರನ್ನು ಹತ್ತುತ್ತಿರುವ ಹಳೆಯ ಅಂಬಾಸಿಡರ್ ಕಾರಿನ ಯಂತ್ರದಿಂದ ಒಮ್ಮೊಮ್ಮೆ ಒಂದು ವಿಚಿತ್ರವಾದ ಸದ್ದು ಕೇಳಿಬರುತ್ತದೆ. ತಗಡಿನ ಡಬ್ಬಿಯಲ್ಲಿ ಗೋಲಿಗಳನ್ನು ಹಾಕಿ ಕುಲುಕಿದಂತಹ ಸದ್ದು ಅದು. ಸಮತಟ್ಟಾದ ದಾರಿಗೆ ಬಂದೊಡನೆ ಸದ್ದು ಅಡಗುತ್ತದೆ. ಪ್ರಯಾಣಿಕರು ಅದನ್ನು ಮರೆತೂ ಬಿಡುತ್ತಾರೆ. ಆದರೆ ಅನುಭವಿಯಾದ ಚಾಲಕನು ಮರೆಯುವುದಿಲ್ಲ. ಯಂತ್ರದೊಳಗೆ ಕಿಡಿಯು ಹೊತ್ತು ತಪ್ಪಿ ಹಾರುತ್ತಿರಬಹುದೆಂಬ ಸಂಶಯ ಅವನನ್ನು ಕಾಡತೊಡಗುತ್ತದೆ. ಆ ಸದ್ದನ್ನು ಬಹುಕಾಲ ಅಲಕ್ಷಿಸಿದರೆ ಪಿಸ್ಟನ್ನಿನ ತಲೆಯೇ ಕರಗಿ ತೂತಾಗಬಹುದು.

ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ಕಾರುಗಳು ತಯಾರಾದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಈ ಗಾಡಿಯಲ್ಲಿ ಮಂತ್ರಿಗಳೂ ಕುಳಿತರು, ಮದುವೆಯ ದಿಬ್ಬಣದವರೂ ಕುಳಿತರು. ಬಹುಕಾಲ ಇದಕ್ಕೆ ಅಳವಡಿಸುತ್ತಿದ್ದ ಪೆಟ್ರೋಲ್ ಯಂತ್ರದ ಗಾತ್ರ 1489 ಘನ ಸೆಂಟಿಮೀಟರು, ಸಿಲಿಂಡರುಗಳು ನಾಲ್ಕು. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಪಿಸ್ಟನ್ನು ಮೇಲೇರುತ್ತ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ಗಿನ ಕಿಡಿ ಅದಕ್ಕೆ ಬೆಂಕಿ ತಾಗಿಸುತ್ತದೆ. ಉರಿದು ಹಿಗ್ಗಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ.

ಹಾಗಾದರೆ ಪಿಸ್ಟನ್ನು ತುತ್ತತುದಿಗೆ ಬಂದಾಗಲೇ ಕಿಡಿ ಹಾರಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಬೆಂಕಿಯು ಸಿಲಿಂಡರಿನ ತುಂಬ ಹರಡಲು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಕಾಲ ಬೇಕು. ಇದು ನಮ್ಮ ಕಣ್ಣಿಗೆ ಏನೂ ಅಲ್ಲ. ಯಂತ್ರಕ್ಕೆ ದೀರ್ಘವಾದ ಕಾಲ. ನಿಮಿಷಕ್ಕೆ 3000 ಸುತ್ತು ತಿರುಗುವ ಯಂತ್ರವು ಸೆಕೆಂಡಿನ ಒಂದು ಸಾವಿರದ ಭಾಗದಲ್ಲಿ 18 ಡಿಗ್ರಿಗಳಷ್ಟು ಹೊರಳಿಬಿಡುತ್ತದೆ. ಆದುದರಿಂದ ಪಿಸ್ಟನ್ನು ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ಉಯ್ಯಾಲೆಯನ್ನು ತೂಗುವವರನ್ನು ನೋಡಿ. ಉಯ್ಯಾಲೆ ಹಿಂದಕ್ಕೆ ಬಂದು ಮರಳುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಅದು ಹಗುರವಾಗಿ ಸಾಗುತ್ತದೆ. ಇನ್ನೂ ಬರುತ್ತಿರುವಾಗಲೇ ಎದುರು ತಳ್ಳಿದರೆ ಕೈಗೇ ಪೆಟ್ಟು. ಅದು ದೂರ ಸರಿದ ಮೇಲೆ ಕೈಚಾಚಿದರೆ ಶ್ರಮವೆಲ್ಲ ವ್ಯರ್ಥ.

ಈ ಹೊತ್ತನ್ನು ಕಾಯುವ ಅಂಗವೇ ಡಿಸ್ಟ್ರಿಬ್ಯೂಟರ್. ಬ್ಯಾಟರಿಯಿಂದ ಕಿಡಿ ಹೊರಡಿಸುವ ಈ ಏರ್ಪಾಡನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದನು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದನ್ನು ಅಳವಡಿಸಲಾಯಿತು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ಬಿಲ್ಲೆಗಳುಂಟು. ಅವು ಕೂಡಿಕೊಂಡಿರುವಾಗ ಕಾಯಿಲ್‌ನಲ್ಲಿ ವಿದ್ಯುತ್ತು ಹರಿಯುತ್ತದೆ. ಅವು ಅಗಲಿದ ಕ್ಷಣದಲ್ಲಿ ಆ ಹರಿವು ಕಡಿದು, ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಈ ಕೂಡುವಿಕೆ ಮತ್ತು ಅಗಲುವಿಕೆ ಸೆಕೆಂಡಿಗೆ ನೂರು ಸಲ ನಡೆಯುತ್ತದೆಂದರೆ ಆಶ್ಚರ್ಯವಾಗದಿರದು. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಹಾರಿಸಲು ಒಳಗೆ ಎರಡು ತೂಕದ ತುಂಡುಗಳೂ ಅವನ್ನು ಹಿಡಿದೆಳೆಯುವ ಸ್ಪ್ರಿಂಗುಗಳೂ ಇವೆ.

ಕಿಡಿ ತಡವಾದರೆ ಕಾರು ಸೋಮಾರಿಯಾಗುತ್ತದೆ. ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ಹೊಗೆಕೊಳವೆಯ ಬುಡ ಕೆಂಪಗೆ ಕಾಯುತ್ತದೆ, ರೇಡಿಯೇಟರಿನ ನೀರು ಕುದಿಯುತ್ತದೆ. ಕಿಡಿ ಮುಂಚಿತವಾದರೆ ಏರಿನಲ್ಲಿ ಆ ಗೋಲಿಯ ಸದ್ದು. ಹ್ಯಾಂಡಲ್ ತಿರುಗಿಸಿ ಕಾರನ್ನು ಚಾಲೂ ಮಾಡುತ್ತಿದ್ದ ದಿನಗಳಲ್ಲಂತೂ ಅಪಾಯ ಬೇರೆಯೇ ಇತ್ತು. ಮುಂಚಿತವಾಗಿ ಹಾರಿದ ಕಿಡಿಯು ಯಂತ್ರವನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಹ್ಯಾಂಡಲ್ ಹಿಡಿದವನ ಮಣಿಕಟ್ಟು ಮುರಿದ ಪ್ರಸಂಗಗಳು ಅಪರೂಪವಾಗಿರಲಿಲ್ಲ.

ಲಕ್ಷಣ ತಿಳಿದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಕೀಳು ದರ್ಜೆಯ ಪೆಟ್ರೋಲ್ ಹಾಕಿದರೂ, ಸಿಲಿಂಡರಿನಲ್ಲಿ ಮಸಿ ಕಟ್ಟಿದರೂ, ಯಂತ್ರ ಅತಿಯಾಗಿ ಕಾದರೂ ಅದೇ ಸದ್ದು ಬರುತ್ತದೆ. ಅವಸರದ ರಿಪೇರಿಯವನು ಸದ್ದು ಕೇಳಿದೊಡನೆ ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಸಡಿಲಿಸಿ, ಅದನ್ನು ಕೊಂಚ ತಿರುಗಿಸಿ ಕಿಡಿಯನ್ನು ತಡಮಾಡಿಬಿಡುತ್ತಾನೆ. ಸದ್ದೇನೋ ನಿಲ್ಲುತ್ತದೆ. ಜ್ವರ ಇಳಿಸದೆ ರೋಗಿಯ ಬಾಯಿಗೆ ಬಟ್ಟೆ ತುರುಕಿದ ಚಿಕಿತ್ಸೆ ಇದು.

ಪರೀಕ್ಷೆಯನ್ನು ಪಾಯಿಂಟುಗಳಿಂದ ಆರಂಭಿಸಬೇಕು. ಅವು ಪೂರ್ತಿಯಾಗಿ ಅಗಲಿದಾಗ ನಡುವಿನ ಬಿರುಕು ಸುಮಾರು 0.4 ಮಿಲಿಮೀಟರು, ಎಂದರೆ ನಿಮ್ಮ ನೋಟ್‌ಬುಕ್ಕಿನ ನಾಲ್ಕು ಹಾಳೆಗಳಷ್ಟು ದಪ್ಪ, ಇರಬೇಕು. ಪಾಯಿಂಟನ್ನು ಎತ್ತುವ ಪುಟ್ಟ ಹಿಮ್ಮಡಿಯು ಓಡಾಟದಲ್ಲಿ ಸವೆಯುತ್ತದೆ, ಬಿರುಕು ಕಿರಿದಾಗುತ್ತದೆ, ಪಾಯಿಂಟುಗಳು ತಡವಾಗಿ ಅಗಲುತ್ತವೆ, ಕಿಡಿಯೂ ತಡವಾಗುತ್ತದೆ. ಯಾರೂ ಕೈಯಿಡದೆಯೇ ಹೊತ್ತು ತಪ್ಪುವುದು ಹೀಗೆ. ಬಿರುಕನ್ನು ಸರಿಪಡಿಸಿದರೆ ಹಲವು ಸಲ ಉಳಿದುದೆಲ್ಲವೂ ತಾನಾಗಿ ಸರಿಹೋಗುತ್ತದೆ. ಬಿರುಕನ್ನು ನೋಡದೆ ಟೈಮಿಂಗ್ ಹೊಂದಿಸಿದವನು ಮಾತ್ರ, ಮುಂದೆ ಬಿರುಕನ್ನು ತಿದ್ದಿದ ದಿನ, ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.

ಅನಂತರ ಟೈಮಿಂಗ್. ಇದಕ್ಕೆ ಒಂದು 12 ವೋಲ್ಟಿನ ಬಲ್ಬು ಸಾಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಪ್ಲಗ್ಗುಗಳನ್ನು ಬಿಚ್ಚಿ, ಯಂತ್ರವನ್ನು ಕೈಯಿಂದ ತಿರುಗಿಸುತ್ತ ಮುಂಭಾಗದ ಪುಲ್ಲಿಯ ಮೇಲಿನ ಗುರುತನ್ನು ತಯಾರಕರ ಪುಸ್ತಕ ಹೇಳುವ ಡಿಗ್ರಿಗೆ ತರಬೇಕು. ಆಗ ರೋಟರ್ ಮೊದಲನೆಯ ಸಿಲಿಂಡರಿನ ತಂತಿಯತ್ತ ಮುಖ ಮಾಡಿರಬೇಕು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ತಂತಿಯ ಕೊನೆಗೂ ಯಂತ್ರದ ಮೈಗೂ ನಡುವೆ ಬಲ್ಬನ್ನು ಸೇರಿಸಿ, ಕೀಲಿ ತಿರುಗಿಸಬೇಕು. ಪಾಯಿಂಟುಗಳು ಕೂಡಿರುವವರೆಗೆ ಬಲ್ಬು ಉರಿಯದು. ಡಿಸ್ಟ್ರಿಬ್ಯೂಟರಿನ ಮೈಯನ್ನು ಮೊದಲು ರೋಟರ್ ಸುತ್ತುವ ದಿಕ್ಕಿಗೆ ಕೊಂಚ ಸರಿಸಿ, ಅನಂತರ ಮೆಲ್ಲನೆ ಹಿಂದಕ್ಕೆ ತಿರುಗಿಸುತ್ತ ಬಂದರೆ ಒಂದು ಕಡೆ ಬಲ್ಬು ತಟಕ್ಕನೆ ಹೊತ್ತಿಕೊಳ್ಳುತ್ತದೆ. ಕಿಡಿ ಹಾರುವ ಕ್ಷಣ ಅದೇ. ಇಲ್ಲಿ ಕೈ ಹಗುರವಾಗಿರಬೇಕು. ಡಿಸ್ಟ್ರಿಬ್ಯೂಟರ್ ಯಂತ್ರದ ಅರ್ಧ ವೇಗದಲ್ಲಿ ತಿರುಗುವುದರಿಂದ, ಅದರಲ್ಲಿ ಒಂದು ಡಿಗ್ರಿ ತಪ್ಪಿದರೆ ಯಂತ್ರದಲ್ಲಿ ಎರಡು ಡಿಗ್ರಿ ತಪ್ಪಿದಂತೆ.

ಇಷ್ಟಾದರೂ ದೋಷ ಉಳಿಯುವುದುಂಟು. ನಿಂತಾಗ ಸರಿಯಾಗಿದ್ದು ಓಡುವಾಗ ಮಂದವಾದರೆ ತೂಕದ ತುಂಡುಗಳು ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ವೇಗದಲ್ಲಿ ಮಾತ್ರ ಸದ್ದು ಬಂದರೆ ಸ್ಪ್ರಿಂಗು ಸಡಿಲವಾಗಿರಬಹುದು. ಡಿಸ್ಟ್ರಿಬ್ಯೂಟರಿನ ದಂಡವೇ ಸವೆದು ಅಲುಗಾಡುತ್ತಿದ್ದರೆ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಬಗೆಯ ಹೊತ್ತು. ಆಗ ಹೊಂದಿಸುವ ಶ್ರಮ ಬಿಟ್ಟು ಹೊಸದನ್ನು ತರುವುದೇ ಲೇಸು. ಇಂದಿನ ಕಾರುಗಳಲ್ಲಿ ಪಾಯಿಂಟುಗಳಿಲ್ಲ. ಕಿಡಿಯ ಹೊತ್ತನ್ನು ಗಣಕವೇ ನಿರ್ಧರಿಸುತ್ತದೆ.

ಬೋಲ್ಟನ್ನು ಬಿಗಿದ ಮೇಲೆ ಬಲ್ಬನ್ನು ಇನ್ನೊಮ್ಮೆ ನೋಡಬೇಕು, ಏಕೆಂದರೆ ಬಿಗಿಯುವಾಗಲೇ ಡಿಸ್ಟ್ರಿಬ್ಯೂಟರ್ ಜರುಗುವುದು ಸಾಮಾನ್ಯ. ಆಮೇಲೆ ಯಂತ್ರ ಬಿಸಿಯಾಗುವವರೆಗೆ ಓಡಿಸಿ, ಒಂದು ಸಣ್ಣ ಏರನ್ನು ಮೇಲಿನ ಗೇರಿನಲ್ಲಿಯೇ ಹತ್ತಿಸಿ, ಕಿವಿಗೊಟ್ಟು ಕೇಳಬೇಕು.