ನಂಜೇರಿದ ರೋಗಿ



ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ಮೂರನೆಯ ದಿನದ ರಾತ್ರಿ ನಾನು ಅವರ ಹಾಸಿಗೆಯ ಬಳಿ ಕುಳಿತಿದ್ದೆ. ಜ್ವರವಿರಲಿಲ್ಲ, ಹಣೆ ತಣ್ಣಗಿತ್ತು. ಸಂಜೆಯಿಂದ ಅವರು ಮಂಪರಿನಲ್ಲಿದ್ದರು. ಒಮ್ಮೆ ನನ್ನನ್ನು ಚಿಕ್ಕಪ್ಪನ ಹೆಸರು ಹಿಡಿದು ಕರೆದರು. ಮುಪ್ಪಿನ ಮರೆವೆಂದು ನಾನು ಸಮಾಧಾನ ಹೇಳಿಕೊಂಡೆ. ಎರಡು ಗಂಟೆಯ ಹೊತ್ತಿಗೆ ದಾದಿಯೊಬ್ಬರು ಬಂದು, ಗಡಿಯಾರವನ್ನು ನೋಡುತ್ತ ಅವರ ಎದೆಯ ಏರಿಳಿತವನ್ನು ಎಣಿಸತೊಡಗಿದರು. "ಈಗ ತಾನೇ ನಿದ್ದೆ ಹತ್ತಿದೆಯಮ್ಮಾ, ಎಬ್ಬಿಸಬೇಡಿ" ಎಂದೆ. ಅವರು ಒಂದು ನಿಮಿಷ ಪೂರ್ತಿ ಎಣಿಸಿ, "ಇದು ನಿದ್ದೆಯಲ್ಲ ಸಾರ್, ಉಸಿರು 28 ಇದೆ" ಎಂದು ಹೇಳಿ ವೈದ್ಯರನ್ನು ಕರೆಯಲು ಹೋದರು.

ಕಾಯಿಲೆಯ ಹೆಸರು ಆ ದಾದಿಗೆ ತಿಳಿದಿರಲಿಲ್ಲ. ಬಂದ ವೈದ್ಯರಿಗೂ ಆ ಕ್ಷಣದಲ್ಲಿ ಖಚಿತವಾಗಿ ತಿಳಿದಿರಲಿಲ್ಲ. ಆದರೂ ಒಂದು ಗಂಟೆಯೊಳಗೆ ಚಿಕಿತ್ಸೆ ಮೊದಲಾಯಿತು. ಮೊದಲು ನಿದಾನ, ಅನಂತರ ಔಷಧ ಎಂಬುದು ನಾವೆಲ್ಲರೂ ಬಲ್ಲ ಕ್ರಮ. ಹೆಸರು ತಿಳಿಯದ ರೋಗಕ್ಕೆ ಚಿಕಿತ್ಸೆ ಮಾಡುವುದೆಂತು? ಈ ಹೊತ್ತು ಅದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಜನ "ನಂಜೇರಿತು" ಎನ್ನುವ ಸ್ಥಿತಿಯನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಕ್ರಿಮಿಗಳು ರಕ್ತದಲ್ಲಿ ಸೇರಿ ಅದನ್ನು ವಿಷವಾಗಿಸುವುದೇ ನಂಜೆಂದು ಬಹುಕಾಲದಿಂದ ನಂಬಿಕೆಯಿತ್ತು. 2016ರಲ್ಲಿ ತಜ್ಞರು ಒಪ್ಪಿಕೊಂಡ ನಿರ್ವಚನ ಬೇರೆ. ಸೋಂಕನ್ನು ಎದುರಿಸಹೊರಟ ಶರೀರವು ಹದ ತಪ್ಪಿ, ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿಯೇ ಸೆಪ್ಸಿಸ್. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟ ಹಾಗೆ, ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಅವುಗಳ ಗೋಡೆಯಿಂದ ದ್ರವ ಸೋರುತ್ತದೆ. ರಕ್ತದ ಒತ್ತಡ ಇಳಿಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಕಡಮೆಯಾಗುತ್ತದೆ. ಮಿದುಳು ಮಂಕಾಗಿ ರೋಗಿ ತಬ್ಬಿಬ್ಬಾಗುತ್ತಾನೆ. ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಹೆಚ್ಚುತ್ತದೆ, ರಕ್ತದ ಆಮ್ಲತೆ ಏರುತ್ತದೆ. ಆ ಆಮ್ಲವನ್ನು ತಗ್ಗಿಸಲು ಶರೀರವು ಉಸಿರನ್ನು ತೀವ್ರಗೊಳಿಸುತ್ತದೆ. ದಾದಿ ಎಣಿಸಿದ 28ರ ಅರ್ಥವನ್ನು ಇಲ್ಲಿಯೇ ಹುಡುಕಬೇಕು.

ಇದು ವಿರಳವಾದ ವಿಪತ್ತಲ್ಲ. 2017ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 4 ಕೋಟಿ 89 ಲಕ್ಷ ಪ್ರಕರಣಗಳೂ 1 ಕೋಟಿ 10 ಲಕ್ಷ ಮರಣಗಳೂ ಇದರಿಂದಾದುವೆಂದು 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅಂದರೆ ಆ ವರ್ಷದ ಒಟ್ಟು ಮರಣಗಳಲ್ಲಿ ಸುಮಾರು ಐದರಲ್ಲೊಂದು.

ಇಂಥ ರೋಗಿಯನ್ನು ಗುರುತಿಸುವ ಉಪಾಯ ಬಹಳ ಸರಳ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯಸಂಸ್ಥೆಯು 2012ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿ 2017ರಲ್ಲಿ ತಿದ್ದಿತು. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ರಕ್ತದ ಒತ್ತಡ, ನಾಡಿ, ಎಚ್ಚರ, ಮೈಬಿಸಿ ಈ ಆರಕ್ಕೂ ಅಂಕವುಂಟು. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಇನ್ನೆರಡು. ನಮ್ಮ ಪರೀಕ್ಷೆಗಳಂತಲ್ಲದೆ, ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ. ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ; 25 ಮುಟ್ಟಿದರೆ 3. ಹೊಸದಾಗಿ ಬಂದ ತಬ್ಬಿಬ್ಬಿಗೂ 3. ಮೊತ್ತ 5 ಆದರೆ ವೈದ್ಯರು ತ್ವರೆಯಾಗಿ ಬರಬೇಕು. 7 ಆದರೆ ತುರ್ತು. ನನ್ನ ತಂದೆಯವರಿಗೆ ಉಸಿರು ಮತ್ತು ತಬ್ಬಿಬ್ಬು ಎರಡರಿಂದಲೇ 6 ಸೇರುತ್ತಿತ್ತು. ಜ್ವರವಿಲ್ಲವೆಂಬ ನನ್ನ ಸಮಾಧಾನಕ್ಕೆ ಆಧಾರವೇ ಇರಲಿಲ್ಲ. ವೃದ್ಧರಲ್ಲಿ ನಂಜು ಎಷ್ಟೋ ವೇಳೆ ಜ್ವರವಿಲ್ಲದೆ ಬರುತ್ತದೆ. ಮೈ 35 ಡಿಗ್ರಿ ಸೆಂಟಿಗ್ರೇಡಿಗೆ ತಣ್ಣಗಾದರೆ ಅದಕ್ಕೂ 3 ಅಂಕವೇ.

ಈ ಪಟ್ಟಿ ರೋಗದ ಹೆಸರನ್ನು ಹೇಳುವುದಿಲ್ಲ. ಅಪಾಯವಿದೆ ಎಂದಷ್ಟೇ ಹೇಳುತ್ತದೆ. ಆಮೇಲೆ ನಿದಾನವೂ ಚಿಕಿತ್ಸೆಯೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಕೂಡಿ ನಡೆಯಬೇಕು. ಸಾಧ್ಯವಿದ್ದಲ್ಲಿ ಔಷಧಕ್ಕೆ ಮೊದಲೇ ರಕ್ತವನ್ನು ತೆಗೆದು ಕ್ರಿಮಿಗಳನ್ನು ಬೆಳೆಸಲು ಪ್ರಯೋಗಶಾಲೆಗೆ ಕಳುಹಿಸುತ್ತಾರೆ; ಔಷಧ ಒಳಗೆ ಹೋದ ಮೇಲೆ ಆ ಸಾಕ್ಷ್ಯ ಅಳಿಸಿಹೋಗಬಹುದು. ರಕ್ತದ ಒತ್ತಡ ಕುಸಿದಿದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಾತು. ಒತ್ತಡ ಗಟ್ಟಿಯಾಗಿದ್ದು, ಸೋಂಕೇ ಹೌದೋ ಅಲ್ಲವೋ ಎಂಬ ಸಂದೇಹವಿದ್ದರೆ, ಮೂರು ಗಂಟೆಯವರೆಗೆ ಶೀಘ್ರವಾಗಿ ಶೋಧಿಸಲು ಅದೇ ಸೂಚಿ ಅವಕಾಶ ಕೊಡುತ್ತದೆ. ಒತ್ತಡ ಕುಸಿದವರಿಗೆ ಮೊದಲ ಮೂರು ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 30 ಮಿಲಿಲೀಟರಿನಷ್ಟು ಲವಣದ್ರವವನ್ನು ನಾಳದ ಮೂಲಕ ಕೊಡುವುದುಂಟು. 60 ಕಿಲೋಗ್ರಾಂ ತೂಕದವರಿಗೆ ಇದು 1.8 ಲೀಟರು. ಅದರಿಂದಲೂ ಒತ್ತಡ ಏರದಿದ್ದರೆ, ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಬೇಕು. ಇಷ್ಟೆಲ್ಲ ಮಾಡಿದರೂ ಎಲ್ಲಿಯಾದರೂ ಕೀವು ಮಡುಗಟ್ಟಿದ್ದರೆ ಅದನ್ನು ಹೊರಗೆ ಹರಿಸಲೇಬೇಕು. ಮುಳ್ಳನ್ನು ಒಳಗಿಟ್ಟು ಮೇಲೆ ಲೇಪ ಹಚ್ಚಿದರೆ ಗಾಯ ಮಾಯುವುದುಂಟೆ?

ತ್ವರೆಯೆಂದರೆ ಕಣ್ಣುಮುಚ್ಚಿ ನುಗ್ಗುವುದೆಂದು ಯಾರೂ ಭಾವಿಸಬಾರದು. 2011ರಲ್ಲಿ ಕೆನ್ಯಾ, ಉಗಾಂಡಾ, ಟಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ 3,000ಕ್ಕೂ ಹೆಚ್ಚು ಮಕ್ಕಳಲ್ಲಿ ನಡೆದ ಪ್ರಯೋಗದ ಫಲ ಪ್ರಕಟವಾಯಿತು. ದ್ರವವನ್ನು ರಭಸದಿಂದ ತುಂಬಿದ ಮಕ್ಕಳಲ್ಲೇ ಸಾವು ಹೆಚ್ಚಾಗಿತ್ತು! ಒಳ್ಳೆಯದೆಂದು ಎಲ್ಲರೂ ನಂಬಿದ್ದುದೇ ಅಲ್ಲಿ ಕೇಡಾಯಿತು. ಆದುದರಿಂದ ಕೊಟ್ಟದ್ದರ ಪರಿಣಾಮವನ್ನು ಮತ್ತೆ ಮತ್ತೆ ನೋಡುವುದೂ ಚಿಕಿತ್ಸೆಯ ಭಾಗವೇ.

ಮೊದಲ ಊಹೆಗೆ ಅಂಟಿಕೊಳ್ಳುವುದೂ ಅಷ್ಟೇ ಅಪಾಯ. ನಮ್ಮ ನಾಡಿನಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರಗಳು ಇದೇ ವೇಷದಲ್ಲಿ ಬರಬಲ್ಲವು. ಪೊದೆಗಳ ನಡುವಿನ ನುಸಿಮರಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರಕ್ಕೆ ಪೆನಿಸಿಲಿನ್ ಜಾತಿಯ ಮದ್ದುಗಳು ನಾಟುವುದಿಲ್ಲ. ಸುಲಭ ಬೆಲೆಯ ಡಾಕ್ಸಿಸೈಕ್ಲಿನ್ ಅದನ್ನು ಗುಣಪಡಿಸುತ್ತದೆ. ಕಡಿದ ಜಾಗದಲ್ಲಿ ಹಲವರಿಗೆ ನೋವಿಲ್ಲದ ಕರಿಯ ಹಕ್ಕಳೆ ಕಟ್ಟಿರುತ್ತದೆ, ಅದೂ ಕಂಕುಳು, ತೊಡೆಸಂದುಗಳಂಥ ಮರೆಯ ಸ್ಥಳದಲ್ಲಿ. ಬಟ್ಟೆ ಸರಿಸಿ ಮೈಯೆಲ್ಲ ನೋಡಿದ ವೈದ್ಯನಿಗೆ ಅದು ಕಾಣುತ್ತದೆ. ಯಂತ್ರಗಳ ವರದಿಯನ್ನಷ್ಟೇ ಓದಿದವನಿಗೆ ಕಾಣದು.

ನನ್ನ ತಂದೆಯವರ ಹೊಟ್ಟೆಯೊಳಗೆ ಕೀವು ಕೂಡಿತ್ತೆಂದು ಬೆಳಗಿನ ಜಾವ ತಿಳಿಯಿತು, ಅದನ್ನು ಹರಿಸಿದರು. ಒಂಬತ್ತನೆಯ ದಿನ ಅವರು ಎದ್ದು ಕುಳಿತು ಕಾಫಿ ಕೇಳಿದರು. ನನ್ನನ್ನು ನನ್ನ ಹೆಸರಿನಿಂದಲೇ ಕರೆದರು.

ರೋಗಿಯ ಬಳಿ ಕುಳಿತ ನೆಂಟರಿಗೆ ವೈದ್ಯವಿದ್ಯೆ ತಿಳಿಯದಿರಬಹುದು. ಆದರೆ ಆ ಮನುಷ್ಯನ ಎಂದಿನ ಮಾತು, ಎಂದಿನ ಉಸಿರು, ಎಂದಿನ ಮುಖ ಅವರಿಗೆ ತಿಳಿದಷ್ಟು ಯಾವ ವೈದ್ಯನಿಗೂ ತಿಳಿಯದು. "ಇವರು ಎಂದಿನಂತಿಲ್ಲ" ಎಂದು ನಾನು ಸಂಜೆಯೇ ಹೇಳಬಹುದಾಗಿತ್ತು, ಸಂಕೋಚಪಟ್ಟು ಸುಮ್ಮನಿದ್ದೆ. ಅಷ್ಟು ಸಾಲದೆಂಬಂತೆ, ಎಣಿಸಬಂದವರನ್ನೂ ತಡೆದೆ. ನನ್ನ ಮಾತನ್ನು ಆ ದಾದಿ ಕೇಳಲಿಲ್ಲವೆಂಬುದೇ ನನ್ನ ಭಾಗ್ಯ. ನೀವು ಅಂಥ ಹಾಸಿಗೆಯ ಬಳಿ ಕುಳಿತಾಗ ಸಂಕೋಚಪಡದೆ ಹೇಳಿರಿ. ನಡುರಾತ್ರಿಯಲ್ಲಿ ಉಸಿರೆಣಿಸಲು ಬಂದವರಿಗೆ ದಾರಿ ಬಿಡಿರಿ.