ಒಂದು ಲೋಟ ಕಾಫಿಗೆ ಒಂದು ಸರಳ ಸಾಧನ: ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದ ಸಂಗತಿಗಳು

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದೇ ಆಗಿದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ತೋಟಗಳಿಂದ ಬರುವ ಈ ಬೆಳೆಯ ಬಹುಭಾಗ ಹೊರದೇಶಗಳಿಗೆ ರಫ್ತಾಗುತ್ತದೆ. 2019ರಲ್ಲಿ ಕೊಡಗಿನ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಹಾಗೂ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇಷ್ಟಿದ್ದರೂ ಈ ಕಾಫಿಗಳ ಸ್ವಂತ ರುಚಿಯನ್ನು ಹಾಲು, ಸಕ್ಕರೆ, ಚಿಕೋರಿಗಳ ಬೆರಕೆಯಿಲ್ಲದೆ ಸವಿದವರು ನಮ್ಮ ರಾಜ್ಯದಲ್ಲೇ ವಿರಳ.

ಇತ್ತೀಚಿನ ವರ್ಷಗಳಲ್ಲಿ ಈ ಸ್ಥಿತಿ ಬದಲಾಗತೊಡಗಿದೆ. ಒಂದೇ ತೋಟದ ಬೀಜವನ್ನು ಹುರಿದು ಮಾರುವ ಸಣ್ಣ ಉದ್ದಿಮೆಗಳು ನಗರಗಳಲ್ಲಿ ತಲೆಯೆತ್ತಿವೆ. ಅವುಗಳ ಜೊತೆಯಲ್ಲೇ ‘ಪೋರ್-ಓವರ್’ ಎಂದು ಕರೆಯಲ್ಪಡುವ, ಒಂದು ಲೋಟ ಕಾಫಿಯನ್ನು ಕಾಗದದಲ್ಲಿ ಸೋಸುವ ಸಾಧನವೂ ಪಾತ್ರೆ ಅಂಗಡಿಗಳನ್ನು ತಲುಪಿದೆ. ಆದರೆ ಯಾವುದನ್ನು ಕೊಳ್ಳಬೇಕೆಂದು ಗ್ರಾಹಕರು ಕೇಳಿದಾಗ ಅನೇಕ ಅಂಗಡಿಗಳಲ್ಲಿ ದೊರೆಯುವ ಉತ್ತರ ಬೆಲೆಯ ಪಟ್ಟಿ ಮಾತ್ರ. ತಪ್ಪು ಸಾಧನವನ್ನು ಕೊಂಡವರು ತಿಂಗಳೊಳಗೆ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಅದರೊಂದಿಗೆ ಒಳ್ಳೆಯ ಕಾಫಿಯ ಒಬ್ಬ ಖಾಯಂ ಗಿರಾಕಿಯೂ ಕೈತಪ್ಪುತ್ತಾನೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತ.

ನಮ್ಮ ಫಿಲ್ಟರ್‌ಗೂ ಇದಕ್ಕೂ ಇರುವ ಅಂತರ

ನಮ್ಮ ಮನೆಗಳ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್ ಎರಡು ಅಂತಸ್ತಿನ ಪಾತ್ರೆ. ಮೇಲಿನ ಪಾತ್ರೆಯ ಸಣ್ಣ ತೂತುಗಳ ಮೂಲಕ ಡಿಕಾಕ್ಷನ್ ನಿಧಾನವಾಗಿ ಹನಿಹನಿಯಾಗಿ ಇಳಿಯುತ್ತದೆ. ಅದು ಗಟ್ಟಿಯಾಗಿರುತ್ತದೆ, ಏಕೆಂದರೆ ಅದಕ್ಕೆ ಹಾಲು ಸೇರಬೇಕಾಗಿದೆ.

ಪೋರ್-ಓವರ್ ಸಾಧನವು ಒಂದು ಆಲಿಕೆ ಮಾತ್ರ. ಅದನ್ನು ನೇರವಾಗಿ ಲೋಟದ ಮೇಲಿಟ್ಟು, ಒಳಗೆ ಕಾಗದ ಹಾಸಿ, ಪುಡಿ ಹಾಕಿ, ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. ಸುಮಾರು 3 ನಿಮಿಷಗಳಲ್ಲಿ ಕುಡಿಯಲು ಸಿದ್ಧವಾದ, ತಿಳಿಯಾದ ಕಾಫಿ ದೊರೆಯುತ್ತದೆ. ಇದು ಡಿಕಾಕ್ಷನ್ ಅಲ್ಲ. ಇದಕ್ಕೆ ಹಾಲು ಬೆರೆಸಿದರೆ ನೀರುನೀರಾದ ಪಾನೀಯವಾಗುತ್ತದೆ. ಹಾಲಿನ ಕಾಫಿಯನ್ನೇ ಬಯಸುವ ಗ್ರಾಹಕರಿಗೆ ಈ ಸಾಧನವನ್ನು ಮಾರದಿರುವುದೇ ಪ್ರಾಮಾಣಿಕ ವ್ಯಾಪಾರ. ಅವರಿಗೆ ನಮ್ಮ ಹಳೆಯ ಫಿಲ್ಟರ್‌ಗಿಂತ ಉತ್ತಮವಾದುದನ್ನು ಹುಡುಕುವ ಅಗತ್ಯವಿಲ್ಲ.

ಗೃಹಿಣಿಯೊಬ್ಬರ ಉದ್ಯಮ

ಕಾಗದದಲ್ಲಿ ಸೋಸುವ ಈ ಪದ್ಧತಿಯ ಮೂಲ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದೆ. ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಕಾಫಿಯಲ್ಲಿ ಉಳಿಯುತ್ತಿದ್ದ ಗಸಿಯಿಂದ ಬೇಸತ್ತು, ಹಿತ್ತಾಳೆಯ ಪಾತ್ರೆಯೊಂದಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲಾ ಪುಸ್ತಕದ ಒತ್ತುಕಾಗದವನ್ನು ಅದರೊಳಗೆ ಹಾಸಿದರು. 1908ರಲ್ಲಿ ಆ ವಿಧಾನವನ್ನು ನೋಂದಾಯಿಸಿ, ಅದೇ ವರ್ಷ ಕೇವಲ 73 ಫೆನಿಗ್ ಬಂಡವಾಳದಿಂದ ಉದ್ಯಮವನ್ನು ಆರಂಭಿಸಿದರು. ಮರುವರ್ಷ ಲೈಪ್‌ಸಿಗ್ ವಾಣಿಜ್ಯ ಮೇಳದಲ್ಲಿ ಅವರ ಸಾಧನಗಳು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. ಅವರ ಹೆಸರಿನ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಸಾಧನವನ್ನು ಒಮ್ಮೆ ಕೊಂಡವರು ಕಾಗದಕ್ಕಾಗಿ ಮತ್ತೆ ಮತ್ತೆ ಅಂಗಡಿಗೆ ಬರಲೇಬೇಕೆಂಬುದು ಈ ವ್ಯಾಪಾರದ ತಿರುಳು. ಆಯ್ಕೆ ಮಾಡುವಾಗಲೂ ಇದನ್ನು ಮರೆಯಬಾರದು.

ಆಯ್ಕೆಗೆ ಮುನ್ನ ಪರಿಶೀಲಿಸಬೇಕಾದ ಐದು ಅಂಶಗಳು

1. ಕಾಗದದ ಲಭ್ಯತೆ: ಇದನ್ನೇ ಮೊದಲು ವಿಚಾರಿಸಬೇಕು. ಆಲಿಕೆಯ ಆಕಾರಕ್ಕೆ ತಕ್ಕಂತೆ ಕಾಗದದ ಆಕಾರವೂ ಬೇರೆಬೇರೆ. ಒಂದು ಬಗೆಯದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ದಿನಕ್ಕೆ ಎರಡು ಲೋಟದಂತೆ ವರ್ಷಕ್ಕೆ 730 ಕಾಗದಗಳು ಬೇಕು. ಒಂದಕ್ಕೆ 4 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷದ ಖರ್ಚು 2,920 ರೂಪಾಯಿಗಳಾಗುತ್ತದೆ. ಇದು ಸರಳ ಸಾಧನವೊಂದರ ಬೆಲೆಯನ್ನೂ ಮೀರಬಹುದು. ತಮ್ಮ ಊರಿನಲ್ಲಿ ನಿರಂತರವಾಗಿ ದೊರೆಯದ ಕಾಗದವನ್ನು ಬೇಡುವ ಸಾಧನ ಎಷ್ಟೇ ಸುಂದರವಾಗಿದ್ದರೂ ಮನೆಗೆ ತಕ್ಕುದಲ್ಲ. ಕಾಗದಕ್ಕೆ ಇನ್ನೊಂದು ಗುಣವೂ ಉಂಟು. ಕಾಫಿಯ ಎಣ್ಣೆಯಂಶದಲ್ಲಿರುವ, ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸುವ ಕೆಫೆಸ್ಟಾಲ್ ಎಂಬ ವಸ್ತುವಿನ ಬಹುಭಾಗವನ್ನು ಅದು ತಡೆದುಬಿಡುತ್ತದೆ.

2. ಆಕಾರ ಮತ್ತು ತೂತು: ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ತಳ ಕಿರಿದಾಗಿ, ಒಂದರಿಂದ ಮೂರು ಸಣ್ಣ ತೂತುಗಳಿರುವ ಬೆಣೆಯಾಕಾರದ ಆಲಿಕೆ ಮೊದಲನೆಯದು. ಇದರಲ್ಲಿ ನೀರು ಇಳಿಯುವ ವೇಗವನ್ನು ತೂತೇ ನಿಯಂತ್ರಿಸುವುದರಿಂದ ಸುರಿಯುವವರ ಕೈ ಸ್ವಲ್ಪ ತಪ್ಪಿದರೂ ಕಾಫಿ ಕೆಡುವುದಿಲ್ಲ. ಎರಡನೆಯದು ಶಂಕುವಿನಾಕಾರದ್ದು. ಜಪಾನಿನ ಹಾರಿಯೋ ಸಂಸ್ಥೆಯ ‘ವಿ60’ ಈ ಬಗೆಗೆ ಪ್ರಸಿದ್ಧ ಉದಾಹರಣೆ. 60 ಡಿಗ್ರಿ ಕೋನದ ಈ ಆಲಿಕೆಯ ತಳದಲ್ಲಿ ಒಂದೇ ದೊಡ್ಡ ತೂತಿದೆ. ಪುಡಿಯ ತರಿ ಮತ್ತು ಕೈಯ ಹದದ ಮೇಲೆಯೇ ಎಲ್ಲವೂ ನಿಂತಿರುವುದರಿಂದ ಇದಕ್ಕೆ ಅಭ್ಯಾಸವೂ ಸಣ್ಣ ಕೊಕ್ಕಿನ ಕೆಟಲ್ಲೂ ಬೇಕು. ಮೂರನೆಯದು ಚಪ್ಪಟೆ ತಳದ್ದು. ಪುಡಿ ಸಮನಾಗಿ ಹರಡಿಕೊಳ್ಳುವುದು ಇದರ ಅನುಕೂಲ. ನಾಲ್ಕನೆಯದರ ತಳದಲ್ಲಿ ಮುಚ್ಚಳವಿದ್ದು, ಲೋಟದ ಮೇಲಿಟ್ಟಾಗ ಮಾತ್ರ ಅದು ತೆರೆದು ಕಾಫಿ ಇಳಿಯುತ್ತದೆ. ಅಲ್ಲಿಯವರೆಗೆ ಪುಡಿ ನೀರಿನಲ್ಲಿ ನೆನೆಯುತ್ತಿರುತ್ತದೆ. ಸುರಿಯುವ ಜಾಣ್ಮೆಯೇ ಬೇಡದ ಈ ಬಗೆ ಅಥವಾ ಮೊದಲನೆಯ ಬಗೆ ಹೊಸಬರಿಗೆ ಹೆಚ್ಚು ಸೂಕ್ತ.

3. ವಸ್ತು: ಬೆಲೆ ಹೆಚ್ಚಿದಷ್ಟೂ ಕಾಫಿ ಚೆನ್ನಾಗಿರುತ್ತದೆಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ. ಪಿಂಗಾಣಿ ಮತ್ತು ಗಾಜಿನ ಆಲಿಕೆಗಳು ನೋಡಲು ಅಂದವಾಗಿದ್ದರೂ ನೀರಿನ ಬಿಸಿಯನ್ನು ಹೀರಿಕೊಳ್ಳುತ್ತವೆ. ಮೊದಲು ಬಿಸಿನೀರಿನಿಂದ ತೊಳೆದು ಕಾಯಿಸದಿದ್ದರೆ ಕಾಫಿ ಸಪ್ಪೆಯಾಗುತ್ತದೆ, ಕೈಜಾರಿದರೆ ಅವು ಒಡೆಯುತ್ತವೆ. ಹಗುರವಾದ ಪ್ಲಾಸ್ಟಿಕ್ ಆಲಿಕೆ ಬಿಸಿಯನ್ನು ಅತಿ ಕಡಿಮೆ ಕಸಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಆಹಾರಬಳಕೆಗೆ ಯೋಗ್ಯವಾದ, ಕುದಿನೀರನ್ನು ತಾಳುವ ಪ್ಲಾಸ್ಟಿಕ್ ಆಗಿರಬೇಕು. ಸೂಕ್ಷ್ಮ ಜಾಲರಿಯಿರುವ ಸ್ಟೀಲ್ ಆಲಿಕೆಗೆ ಕಾಗದವೇ ಬೇಡ. ಅದು ಬಹುಕಾಲ ಬಾಳುತ್ತದೆ. ಆದರೆ ಎಣ್ಣೆಯಂಶವೂ ಸ್ವಲ್ಪ ನುಣುಪುಡಿಯೂ ಲೋಟಕ್ಕೆ ಇಳಿಯುವುದರಿಂದ ಕಾಫಿ ಕೊಂಚ ಮಂದವಾಗಿರುತ್ತದೆ, ಕೆಫೆಸ್ಟಾಲ್ ತಡೆಯುವ ಕಾಗದದ ಪ್ರಯೋಜನವೂ ಇರುವುದಿಲ್ಲ.

4. ಅಳತೆ: ತಯಾರಕರು 01, 02 ಮುಂತಾಗಿ ಅಂಕೆಗಳನ್ನು ಮುದ್ರಿಸಿರುತ್ತಾರೆ. ಒಬ್ಬರ ಅಂಕೆ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಒಂದು ಲೋಟಕ್ಕೆ ಚಿಕ್ಕ ಅಳತೆ ಸಾಕು. ದೊಡ್ಡ ಆಲಿಕೆಯಲ್ಲಿ ಸ್ವಲ್ಪ ಪುಡಿ ಹಾಕಿದರೆ ಪುಡಿಯ ಪದರ ತೆಳುವಾಗಿ ನೀರು ಬೇಗ ಇಳಿದುಹೋಗುತ್ತದೆ.

5. ಲೋಟಕ್ಕೆ ಹೊಂದಾಣಿಕೆ: ಈ ಸಾಧನಗಳನ್ನು ಅಗಲ ಬಾಯಿಯ ಪಿಂಗಾಣಿ ಮಗ್ಗುಗಳನ್ನು ಗಮನದಲ್ಲಿಟ್ಟು ರೂಪಿಸಲಾಗಿದೆ. ಅಂಚು ಹೊರಬಾಗಿದ ನಮ್ಮ ಸ್ಟೀಲ್ ಲೋಟದ ಮೇಲೆ ಕೆಲವು ಭದ್ರವಾಗಿ ಕೂರುವುದಿಲ್ಲ. ಕುದಿನೀರಿನ ವಿಷಯವಾದ್ದರಿಂದ ಇದು ಸಣ್ಣ ಸಂಗತಿಯಲ್ಲ. ಅಂಗಡಿಯಲ್ಲಿ ಒಂದೆರಡು ಬಗೆಯ ಲೋಟಗಳನ್ನಿರಿಸಿ ಗ್ರಾಹಕರಿಗೆ ಪರೀಕ್ಷಿಸಲು ಅವಕಾಶ ಕೊಡುವುದು ಲೇಸು.

ಸಾಧನಕ್ಕಿಂತ ಮುಖ್ಯವಾದವು

ಆಲಿಕೆಯೊಳಗೆ ಯಂತ್ರಭಾಗಗಳೇನೂ ಇಲ್ಲ. ರುಚಿಯನ್ನು ನಿರ್ಧರಿಸುವವು ಪುಡಿ, ನೀರು ಮತ್ತು ಅಳತೆ.

ಪುಡಿ ಶುದ್ಧ ಕಾಫಿಯದ್ದಾಗಿರಬೇಕು. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆಯಿರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಡಿಕಾಕ್ಷನ್‌ಗೆ ಬಣ್ಣ ಮತ್ತು ಗಟ್ಟಿತನ ನೀಡುವ ಚಿಕೋರಿ ಈ ತಿಳಿಯಾದ ಕಾಫಿಯಲ್ಲಿ ಬೀಜದ ಪರಿಮಳವನ್ನು ಮುಚ್ಚಿಬಿಡುತ್ತದೆ. ಪುಡಿ ಹಿಟ್ಟಿನಂತಿರದೆ ಪುಡಿ ಉಪ್ಪಿನಷ್ಟು ತರಿಯಾಗಿರಬೇಕು. ಹುರಿದು ಬಹಳ ದಿನವಾಗಿರದ ಬೀಜವನ್ನು ಎರಡು ವಾರಕ್ಕೆ ಸಾಕಾಗುವಷ್ಟು ಮಾತ್ರ ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು.

ನೀರಿನ ಬಿಸಿ ಸುಮಾರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಸಾಮಾನ್ಯ ನಿಯಮ. ಇದಕ್ಕಾಗಿ ಉಷ್ಣಮಾಪಕವಿರುವ ದುಬಾರಿ ಕೆಟಲ್ ಅನಿವಾರ್ಯವಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ ಸುಮಾರು 96ಕ್ಕೆ ಕುದಿಯುತ್ತದೆ. ಕರಾವಳಿಯವರು ಒಲೆಯಿಂದ ಇಳಿಸಿ ಒಂದು ನಿಮಿಷ ಕಾಯಬೇಕು. ಬೆಂಗಳೂರಿನವರಿಗೆ ಕೆಲವು ಕ್ಷಣ ಸಾಕು. ಮಲೆನಾಡಿನವರು ಕುದಿ ನಿಂತೊಡನೆ ಸುರಿಯಬಹುದು. ತೀರ ಗಡಸಾದ ಕೊಳವೆಬಾವಿಯ ನೀರು ಕಾಫಿಯ ಸೂಕ್ಷ್ಮ ಹುಳಿಯನ್ನು ಅಡಗಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಅಳತೆಗೆ 250 ಮಿಲಿಲೀಟರ್ ನೀರು, 15 ಗ್ರಾಂ ಪುಡಿ. ತಕ್ಕಡಿಯಿಲ್ಲದಿದ್ದರೆ ಸಮತಟ್ಟಾದ ಮೂರು ದೊಡ್ಡ ಚಮಚ ಎಂದುಕೊಳ್ಳಬಹುದು. ಕಾಗದವನ್ನು ಬಿಸಿನೀರಿನಿಂದ ತೊಯ್ಸಿ ಆ ನೀರನ್ನು ಚೆಲ್ಲಿ, ಪುಡಿ ಹಾಕಿ, ಮೊದಲು 30ರಿಂದ 40 ಮಿಲಿಲೀಟರ್ ನೀರು ಸುರಿದು ಅರ್ಧ ನಿಮಿಷ ಬಿಡಬೇಕು. ಹೊಸದಾಗಿ ಹುರಿದ ಕಾಫಿಯಾದರೆ ಪುಡಿ ಉಬ್ಬಿ ಗುಳ್ಳೆಗಳೇಳುತ್ತವೆ. ಹುರಿಯುವಾಗ ಬೀಜದಲ್ಲಿ ಉಳಿದ ಇಂಗಾಲದ ಡೈಆಕ್ಸೈಡ್ ಹೊರಬರುವುದೇ ಇದಕ್ಕೆ ಕಾರಣ. ಅನಂತರ ಉಳಿದ ನೀರನ್ನು ಎರಡು-ಮೂರು ಸಲ ಸುತ್ತುಸುತ್ತಾಗಿ ಸುರಿಯಬೇಕು. ಪುಡಿ ಹೀರಿಕೊಂಡದ್ದು ಕಳೆದು ಸುಮಾರು 220 ಮಿಲಿಲೀಟರ್ ಕಾಫಿ ದೊರೆಯುತ್ತದೆ. ಒಂದೂವರೆ ನಿಮಿಷದಲ್ಲೇ ಇಳಿದು ನೀರಾಗಿ ಹುಳಿಯೆನಿಸಿದರೆ ಪುಡಿ ಇನ್ನಷ್ಟು ನುಣ್ಣಗಿರಬೇಕು. ಐದು ನಿಮಿಷ ಹಿಡಿದು ಕಹಿಯಾದರೆ ಇನ್ನಷ್ಟು ತರಿಯಾಗಿರಬೇಕು. ಸಾಧನವನ್ನು ಬದಲಾಯಿಸುವ ಮುನ್ನ ಪುಡಿಯ ತರಿಯನ್ನು ಬದಲಾಯಿಸಿ ನೋಡುವುದು ವಿವೇಕ.

ವರ್ತಕ ಬಂಧುಗಳಿಗೆ

ಮಾರಾಟಕ್ಕೆ ಮುನ್ನ ಗ್ರಾಹಕರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಹಾಲಿಲ್ಲದ ಕಾಫಿ ಕುಡಿಯುವಿರಾ? ಮನೆಯ ಲೋಟ ಯಾವ ಬಗೆಯದು? ಪುಡಿ ಎಲ್ಲಿ ಮಾಡಿಸುತ್ತೀರಿ? ಉತ್ತರಗಳಿಂದಲೇ ಸೂಕ್ತ ಸಾಧನ ತಿಳಿಯುತ್ತದೆ. ತಾವು ಮಾರುವ ಪ್ರತಿಯೊಂದು ಆಲಿಕೆಗೂ ಹೊಂದುವ ಕಾಗದವನ್ನು ಸದಾ ದಾಸ್ತಾನಿನಲ್ಲಿರಿಸಬೇಕು. ಇರಿಸಲಾಗದ ಬಗೆಯನ್ನು ಮಾರಾಟಕ್ಕಿಡದಿರುವುದೇ ಮೇಲು. ಆಮದಾದ ಪೊಟ್ಟಣಗಳ ಮೇಲೆ ಆಮದುದಾರರ ಹೆಸರು-ವಿಳಾಸ, ಮೂಲದೇಶ ಮತ್ತು ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿವೆಯೇ ಎಂದು ಪರಿಶೀಲಿಸಬೇಕು.

ದಿನಕ್ಕೆ ಎರಡು ಲೋಟ ಕುಡಿಯುವ ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸುಮಾರು 11 ಕಿಲೋಗ್ರಾಂ ಕಾಫಿ ಬೇಕಾಗುತ್ತದೆ. ದುಬಾರಿ ಸಾಧನವನ್ನು ಮಾರಿ ಪಡೆಯುವ ಲಾಭ ಒಂದು ಸಲದ್ದು. ಸರಳ ಸಾಧನವನ್ನು ತಿಳಿಹೇಳಿ ಕೊಟ್ಟರೆ ದೊರೆಯುವ ಕಾಫಿ ಮತ್ತು ಕಾಗದದ ವ್ಯಾಪಾರ ವರ್ಷವರ್ಷವೂ ನಡೆಯುವಂಥದು. ಆ ಕಾಫಿ ನಮ್ಮದೇ ಜಿಲ್ಲೆಗಳ ತೋಟದಿಂದ ಬಂದದ್ದಾದರೆ ಬೆಳೆಗಾರನಿಗೆ ವಿದೇಶಿ ಮಾರುಕಟ್ಟೆಯ ಏರಿಳಿತಗಳ ನಡುವೆ ತನ್ನ ನಾಡಿನಲ್ಲೇ ಒಂದು ಆಸರೆ ದೊರೆತಂತಾಗುತ್ತದೆ. ಸಾಧನ ಚಿಕ್ಕದಾದರೂ ಅದನ್ನು ಸರಿಯಾಗಿ ಆರಿಸಿಕೊಡುವ ಹೊಣೆ ಚಿಕ್ಕದಲ್ಲ.